ಅದೇ ಸುತ್ತು ಅಗ್ಗವಾದಾಗ: ಕಾರ್ಡಿಯೋ ಬಿರುಸು ಯಾವಾಗ ಏರಿಸಬೇಕು?

ಧಾರವಾಡದ ಮೈದಾನಗಳಲ್ಲಿ ಬೆಳಗಿನ ಆರಕ್ಕೆ ಕಿವಿಗೆ ಬೀಳುವ ಮಾತಿನಲ್ಲಿ ಅರ್ಧ ಮಕ್ಕಳ ಮದುವೆಯದು, ಇನ್ನರ್ಧ ಮೊಣಕಾಲಿನದು. ಇತ್ತೀಚೆಗೆ ಮೂರನೆಯದೊಂದು ಸೇರಿಕೊಂಡಿದೆ. ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನದಲ್ಲಿ ದಿನಾ ಎದುರಾಗುವ ಹಿರಿಯರೊಬ್ಬರು ಮೊನ್ನೆ ನಿಲ್ಲಿಸಿ ಕೇಳಿದರು:

"ಅಕ್ಕೋರ, ಎರಡ ವರ್ಷ ಆತು, ದಿನಾ ಐದ ಸುತ್ತು ಹಾಕ್ತೀನಿ. ಮೊದಲ ಮೊದಲ ತೂಕ ಇಳೀತು, ಈಗ ನಿಂತಲ್ಲೇ ನಿಂತೈತಿ. ಇನ್ನ ಓಡಾಕ ಸುರು ಮಾಡ್ಲೇನ್ರಿ?"

"ಐದನೇ ಸುತ್ತು ಮುಗದಾಗ ನಾಡಿ ಎಷ್ಟ ಇರ್ತೈತ್ರಿ?"

"ಅದನ್ಯಾರ ನೋಡ್ಯಾರ್ರೀ!"

ನೋಡದಿದ್ದರೆ ಅವರ ಪ್ರಶ್ನೆಗೆ ನಾನಷ್ಟೇ ಅಲ್ಲ, ಯಾರೂ ಉತ್ತರ ಕೊಡಲಾರರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಡಾಕ್ಟರಲ್ಲ. ಆದರೆ ಆರು ವರ್ಷಗಳಿಂದ ನನ್ನ ನಡಿಗೆಯ ಲೆಕ್ಕವನ್ನು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದೇನೆ. ಅದರಿಂದ ತಿಳಿದದ್ದು ಇಷ್ಟು: ಅದೇ ಹಾದಿಯನ್ನು ಅದೇ ವೇಗದಲ್ಲಿ ನಡೆದು ಮುಗಿಸಿದಾಗ ನಾಡಿ ಮೊದಲಿಗಿಂತ ಕಡಿಮೆ ಬಡಿಯುತ್ತಿದ್ದರೆ, ಅದೂ ಮೂರು ವಾರ ಬಿಡದೆ ಹಾಗೇ ಕಂಡರೆ, ಆ ಸುತ್ತು ನಿಮಗೆ ಅಗ್ಗವಾಗಿದೆ ಎಂದರ್ಥ. ಬಿರುಸು ಏರಿಸುವ ಹೊತ್ತು ಅದು. ಅದನ್ನು ಅಳೆಯುವುದು ಹೇಗೆ, ಅಳೆದ ಮೇಲೆ ಏನನ್ನು ಎಷ್ಟು ಏರಿಸುವುದು ಎಂಬುದನ್ನು ಒಂದೊಂದಾಗಿ ನೋಡೋಣ. ಕಾರ್ಡಿಯೋ ಎಂದರೆ ಎದೆಬಡಿತ, ಉಸಿರು ಏರಿಸುವ ವ್ಯಾಯಾಮ. ಇಲ್ಲಿ ನಡಿಗೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಸೈಕಲ್, ಈಜು, ಮೆಟ್ಟಿಲು ಹತ್ತುವವರಿಗೂ ಲೆಕ್ಕ ಇದೇ.

ಶುರುವಿಗೆ ಮೊದಲು ಡಾಕ್ಟರ ಹತ್ತಿರ ಹೋಗಬೇಕಾದವರು

ನಡೆಯುವಾಗ ಎದೆ ಹಿಡಿದಂತಾಗುವವರು, ನೋವು ಎಡ ತೋಳಿಗೋ ದವಡೆಗೋ ಹರಿಯುವವರು, ಕಣ್ಣು ಕತ್ತಲಿಟ್ಟು ಬಂದವರು, ಎದೆಬಡಿತ ತಾಳ ತಪ್ಪುವವರು, ಹೃದಯದ ಕಾಯಿಲೆ ಇರುವವರು. ಇವರು ಬಿರುಸು ಏರಿಸುವ ಮಾತನ್ನು ಬದಿಗಿಟ್ಟು ಮೊದಲು ತೋರಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದ ಹಿನ್ನೆಲೆಯವರು ಕೂಡ ಸುಮ್ಮನೆ ನಡೆಯುವುದಕ್ಕಲ್ಲದಿದ್ದರೂ, ಓಟಕ್ಕೋ ಏರಿಗೋ ಕೈಹಾಕುವ ಮೊದಲು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ಭಾರತೀಯರಿಗೆ ಹೃದಯದ ತೊಂದರೆ ಪಾಶ್ಚಾತ್ಯರಿಗಿಂತ ಬೇಗ ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ.

ಇನ್ನೆರಡು ಮಾತು. ಬಿ.ಪಿ.ಗೋ ಹೃದಯಕ್ಕೋ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಗುಳಿಗೆ ನುಂಗುವವರ ನಾಡಿ ಎಷ್ಟು ದುಡಿದರೂ ಹೆಚ್ಚು ಏರುವುದಿಲ್ಲ, ಏರದಂತೆ ಹಿಡಿಯುವುದೇ ಆ ಗುಳಿಗೆಯ ಕೆಲಸ. ಮುಂದೆ ಬರುವ ವಯಸ್ಸಿನ ಲೆಕ್ಕ ಅವರಿಗೆ ಹೊಂದುವುದಿಲ್ಲ, ಅವರು ಉಸಿರನ್ನೇ ನಂಬಬೇಕು. ಎರಡನೆಯದು, ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಗುಳಿಗೆ ತೆಗೆದುಕೊಳ್ಳುವವರಿಗೆ ಬಿರುಸು ಏರಿಸಿದ ದಿನ ರಕ್ತದ ಸಕ್ಕರೆ ಕುಸಿಯಬಹುದು. ಕಿಸೆಯಲ್ಲಿ ಗ್ಲೂಕೋಸ್ ಪುಡಿಯೋ ಸಕ್ಕರೆಯೋ ಇರಲಿ. "ಫೇಡೆ ಇಟ್ಕೊಂಡೀನ್ರಿ" ಎಂದವರನ್ನು ನೋಡಿದ್ದೇನೆ. ನಮ್ಮೂರ ಫೇಡೆಯ ಮೇಲೆ ನನಗೂ ಅಭಿಮಾನವಿದೆ, ಆದರೆ ಖೋವಾದ ಜಿಡ್ಡು ಸಕ್ಕರೆಯನ್ನು ರಕ್ತಕ್ಕೆ ಬೇಗ ಇಳಿಯಗೊಡುವುದಿಲ್ಲ.

ಹಂತ 1: ನಾಡಿ ಎಣಿಸಲು ಕಲಿಯಿರಿ

ಮುಂಗೈಯಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಇನ್ನೊಂದು ಕೈಯ ತೋರುಬೆರಳು ಮತ್ತು ನಡುಬೆರಳನ್ನು ಹಗುರಾಗಿ ಇಡಿ. ಹೆಬ್ಬೆರಳಿನಿಂದ ಹಿಡಿಯಬೇಡಿ, ಅದಕ್ಕೆ ಅದರದ್ದೇ ಬಡಿತವಿದೆ, ಲೆಕ್ಕ ಕಲಸುತ್ತದೆ. ಕೂತಾಗ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಡೆದು ನಿಂತಾಗ ಮಾತ್ರ 10 ಸೆಕೆಂಡು ಎಣಿಸಿ ಆರರಿಂದ ಗುಣಿಸಬೇಕು, ಏಕೆಂದರೆ ನಿಂತ ಕೂಡಲೇ ನಾಡಿ ಇಳಿಯತೊಡಗುತ್ತದೆ. ಅರ್ಧ ನಿಮಿಷ ಎಣಿಸುತ್ತ ಕೂತರೆ ಇಳಿದ ಮೇಲಿನ ಸಂಖ್ಯೆ ಸಿಗುತ್ತದೆ.

ಕೈಗಡಿಯಾರದಂಥ ಬ್ಯಾಂಡು ಇದ್ದವರು ಅದನ್ನೇ ಬಳಸಬಹುದು. ಒಂದೇ ಹದದ ನಡಿಗೆಯಲ್ಲಿ ಅದು ಪರವಾಗಿಲ್ಲ. ವೇಗ ಮೇಲೆ ಕೆಳಗೆ ಆಗುವಾಗ ಹಿಂದೆ ಬೀಳುತ್ತದೆ, ಪಟ್ಟಿ ಸಡಿಲಿದ್ದರಂತೂ ಮನಸ್ಸಿಗೆ ಬಂದದ್ದು ತೋರಿಸುತ್ತದೆ.

ಬೆಳಗ್ಗೆ ಎಚ್ಚರಾದ ಮೇಲೆ, ಹಾಸಿಗೆಯಿಂದ ಏಳುವ ಮೊದಲು, ಚಹಾಕ್ಕಿಂತ ಮೊದಲು ಎಣಿಸಿದ ನಾಡಿಯನ್ನು ಒಂದು ವಾರ ಬರೆಯಿರಿ. ಏಳು ದಿನದ ಸರಾಸರಿ ನಿಮ್ಮ ವಿಶ್ರಾಂತಿ ನಾಡಿ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 60ರಿಂದ 100ರ ನಡುವೆ ಇರುತ್ತದೆ, ರೂಢಿ ಬಲಿತಂತೆ ಇಳಿಯುತ್ತದೆ. ನನ್ನದು ಮೊದಲ ವಾರ 78 ಇತ್ತು.

ಹಂತ 2: ಒಂದು "ಅಳತೆ ಸುತ್ತು" ಗೊತ್ತುಮಾಡಿಕೊಳ್ಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡುವಿರಾದರೆ ಇದನ್ನು ಮಾಡಿ.

ಅಳತೆ ಗೊತ್ತಿರುವ, ಸಮತಟ್ಟಾದ, ಮಧ್ಯೆ ದನ, ಸ್ಕೂಟರು, ಪರಿಚಯಸ್ಥರು ಅಡ್ಡ ಬರದ ಹಾದಿ ಬೇಕು. 400 ಮೀಟರಿನ ಟ್ರ್ಯಾಕು ಸಿಕ್ಕರೆ ಲೆಕ್ಕ ಸುಲಭ. ಧಾರವಾಡದವರಿಗೆ ಆರ್.ಎನ್. ಶೆಟ್ಟಿ ಕ್ರೀಡಾಂಗಣವಿದೆ, ನಾಲ್ಕು ಸುತ್ತಿಗೆ 1.6 ಕಿಲೋಮೀಟರ್ ಆಯಿತು. ಹುಬ್ಬಳ್ಳಿಯವರು ಉಣಕಲ್ ಕೆರೆಯ ದಂಡೆಯನ್ನೋ ತೋಳನಕೆರೆಯ ಪಾದಚಾರಿ ಹಾದಿಯನ್ನೋ, ಹಾವೇರಿಯವರು ಹೆಗ್ಗೇರಿಯ ಕಡೆಯನ್ನೋ ಹಿಡಿದು, ಎರಡು ಗುರುತಿನ ನಡುವಿನ ದೂರವನ್ನು ಫೋನಿನಲ್ಲಿ ಒಮ್ಮೆ ಅಳೆದಿಟ್ಟುಕೊಂಡರೆ ಸಾಕು. ಹಾದಿ ಯಾವುದಾದರೂ ಆಗಲಿ, ಬದಲಾಗಬಾರದು.

ಹತ್ತು ನಿಮಿಷ ಹಗುರಾಗಿ ನಡೆದು ಮೈ ಬೆಚ್ಚಗಾಗಿಸಿ. ಆಮೇಲೆ ನಾಲ್ಕು ಸುತ್ತನ್ನು ಗೊತ್ತಾದ ವೇಳೆಯಲ್ಲಿ ಮುಗಿಸಿ, ಉದಾಹರಣೆಗೆ 18 ನಿಮಿಷ. ಬೇಗ ಮುಗಿಸುವ ಪೈಪೋಟಿ ಇದಲ್ಲ, ಪ್ರತಿ ಸಲವೂ ಅದೇ 18 ನಿಮಿಷಕ್ಕೇ ಮುಗಿಯಬೇಕು. ನಿಂತ ತಕ್ಷಣ 10 ಸೆಕೆಂಡು ನಾಡಿ ಎಣಿಸಿ. ಅಲ್ಲೇ ನಿಂತಿದ್ದು, ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಎರಡನ್ನೂ ಬರೆಯಿರಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು. ರಾತ್ರಿ ನಿದ್ದೆಗೆಟ್ಟಿದ್ದರೆ ಮರುದಿನಕ್ಕೆ ಮುಂದೂಡಿ.

ನನ್ನ ಪುಸ್ತಕದ ಮೊದಲ ಸಾಲು: ಮುಗಿದಾಗ 132, ನಿಮಿಷದ ನಂತರ 114. ಏಳನೆಯ ವಾರದ ಸಾಲು: ಮುಗಿದಾಗ 120, ನಿಮಿಷದ ನಂತರ 90. ಹಾದಿ ಅದೇ, ವೇಳೆ ಅದೇ. ತೂಕದ ಯಂತ್ರ ಆ ಏಳು ವಾರದಲ್ಲಿ ಒಂದು ಕಿಲೋ ಕೂಡ ಅಲುಗಿರಲಿಲ್ಲ. ಅದನ್ನಷ್ಟೇ ನೋಡುತ್ತಿದ್ದರೆ ನಡಿಗೆ ದಂಡ ಎಂದು ಬಿಟ್ಟುಬಿಡುತ್ತಿದ್ದೆ.

ಒಳಗೆ ಆದದ್ದೇನೆಂದರೆ, ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ ಹೆಚ್ಚಿದೆ. ರಕ್ತದ ನೀರಿನ ಅಂಶ ಮೊದಲ ಒಂದೆರಡು ವಾರದಲ್ಲೇ ಏರುತ್ತದೆ. ನಂತರ ಸ್ನಾಯುಗಳಲ್ಲಿ ಕೂದಲಿನಂಥ ರಕ್ತನಾಳಗಳೂ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳೂ ಹೆಚ್ಚುತ್ತವೆ. ಅದೇ ಕೆಲಸಕ್ಕೆ ಕಡಿಮೆ ಬಡಿತ ಸಾಕಾಗುತ್ತದೆ.

ಹಂತ 3: ಈಗ ನೀವು ಎಲ್ಲಿದ್ದೀರಿ ನೋಡಿ

ಗರಿಷ್ಠ ನಾಡಿಗೆ, ಅಂದರೆ ಪೂರ್ತಿ ದುಡಿದಾಗ ಹೃದಯ ಮುಟ್ಟಬಲ್ಲ ಅತಿ ಹೆಚ್ಚಿನ ಬಡಿತಕ್ಕೆ, ಎಲ್ಲರಿಗೂ ಗೊತ್ತಿರುವ ಲೆಕ್ಕ 220ರಿಂದ ವಯಸ್ಸನ್ನು ಕಳೆಯುವುದು. ವಯಸ್ಸಾದವರಿಗೆ ಇನ್ನಷ್ಟು ಹತ್ತಿರ ಬರುವ ಲೆಕ್ಕವೊಂದು 2001ರಲ್ಲಿ ಬಂತು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಿರಿ. 60ರ ವಯಸ್ಸಿಗೆ ಮೊದಲನೆಯದು 160 ಕೊಟ್ಟರೆ ಎರಡನೆಯದು 166 ಕೊಡುತ್ತದೆ. ಎರಡೂ ಅಂದಾಜೇ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಹೆಚ್ಚುಕಡಿಮೆ ಆಗುವುದು ಸಾಮಾನ್ಯ.

ಗರಿಷ್ಠದ ಶೇ. 64ರಿಂದ 76 ಮಧ್ಯಮ ಬಿರುಸು, ಶೇ. 77ರಿಂದ 93 ಜೋರು ಬಿರುಸು. ಮೊದಲನೆಯ ಲೆಕ್ಕದಂತೆ 46 ವರ್ಷದವರಿಗೆ ಗರಿಷ್ಠ 174 ಎಂದು ಹಿಡಿದರೆ 111ರಿಂದ 132ರವರೆಗೆ ಮಧ್ಯಮ, 134ರಿಂದ ಮೇಲೆ ಜೋರು.

ಸಂಖ್ಯೆ ಬೇಡವೆನ್ನುವವರಿಗೆ ಮಾತಿನ ಪರೀಕ್ಷೆಯಿದೆ. ಮಾತಾಡಲು ಬರುತ್ತದೆ, ಹಾಡಲು ಬರುವುದಿಲ್ಲ ಎಂದರೆ ಮಧ್ಯಮ. ನಾಲ್ಕು ಶಬ್ದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಜೋರು. ಭಜನೆಯನ್ನು ಆರಾಮಾಗಿ ಎಳೆದು ಹಾಡಬಲ್ಲಿರಾದರೆ ಅದು ಇನ್ನೂ ಅಡ್ಡಾಟ, ಕಾರ್ಡಿಯೋ ಶುರುವಾಗಿಲ್ಲ. ಧಾರವಾಡದಲ್ಲಿ ಈ ಪರೀಕ್ಷೆಗೆ ಒಂದು ತೊಡಕಿದೆ. ಇಲ್ಲಿ ನಡೆಯುವವರಲ್ಲಿ ಗಾಯನ ಕಲಿತವರು ಬಹಳ, ಅವರ ಉಸಿರಿನ ಹಿಡಿತ ನಮ್ಮಂಥವರದ್ದಲ್ಲ. ಅವರು ನಾಡಿಯನ್ನೇ ನೋಡಲಿ.

ಮೂರನೆಯದು ಅನಿಸಿಕೆಯ ಅಂಕ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಶ್ರಮಕ್ಕೆ ಅಂಕ ಕೊಡುವ ಪದ್ಧತಿ ಮಾಡಿಟ್ಟರು. ಅದರ ಸರಳ ರೂಪ ಸೊನ್ನೆಯಿಂದ ಹತ್ತು: ಸೊನ್ನೆ ಎಂದರೆ ಕಟ್ಟೆಯ ಮೇಲೆ ಕೂತಂತೆ, ಹತ್ತು ಎಂದರೆ ಇನ್ನೊಂದು ಹೆಜ್ಜೆ ಆಗದು. ಐದು-ಆರು ಮಧ್ಯಮ, ಏಳು-ಎಂಟು ಜೋರು. ನಾಡಿ ಏರದಂತೆ ಹಿಡಿಯುವ ಗುಳಿಗೆಯವರಿಗೆ ಇದೇ ಆಧಾರ.

ಹಂತ 4: ಏರಿಸು ಎನ್ನುವ ಸೂಚನೆಗಳು

ಅಳತೆ ಸುತ್ತಿನ ಕೊನೆಯ ನಾಡಿ ಮೊದಲಿಗಿಂತ ಎಂಟು ಹತ್ತು ಬಡಿತ ಇಳಿದಿರಬೇಕು. ಒಂದು ದಿನದ ಇಳಿತ ಲೆಕ್ಕಕ್ಕಿಲ್ಲ, ಸತತ ಮೂರು ವಾರ ಕಾಣಬೇಕು. ನಿಂತ ಮೇಲಿನ ಒಂದು ನಿಮಿಷದಲ್ಲಿ ನಾಡಿ ಮೊದಲಿಗಿಂತ ಹೆಚ್ಚು ಇಳಿಯುತ್ತಿರಬೇಕು. ಈ ಇಳಿತ 12 ಅಥವಾ ಅದಕ್ಕಿಂತ ಕಡಿಮೆಯೇ ಆಗಿ ಉಳಿದಿದ್ದರೆ ಬಿರುಸಿನ ಮಾತೇ ಬೇಡ, ಡಾಕ್ಟರ ಬಳಿ ಆ ಸಂಖ್ಯೆಯನ್ನು ಹೇಳಿ. ಮೊದಲು ಆರು ಅನಿಸುತ್ತಿದ್ದ ಶ್ರಮ ನಾಲ್ಕು ಅನಿಸಬೇಕು. ಕೊನೆಯದಾಗಿ, ಮರುದಿನ ಬೆಳಗ್ಗೆ ಕಾಲು ಭಾರವಿರಬಾರದು, ವಿಶ್ರಾಂತಿ ನಾಡಿ ಏರಿರಬಾರದು. ನಾಲ್ಕರಲ್ಲಿ ಮೂರಾದರೂ ಕೂಡಿ ಬಂದರೆ ಮುಂದಿನ ಹಂತಕ್ಕೆ ಹೋಗಿ. ನಾಲ್ಕನೆಯದು ಆ ಮೂರರಲ್ಲಿ ಇರಲೇಬೇಕು, ಅದೊಂದು ನನ್ನ ಹಟ.

ಸೂಚನೆಗಳೆಂದು ಜನ ತಪ್ಪು ತಿಳಿಯುವುದು ಹಲವು. ಬೇಸರ ಬಂದರೆ ಹಾದಿ ಬದಲಿಸಿ, ವೇಗವನ್ನಲ್ಲ. ಬೆವರು ಹವೆಯ ಲೆಕ್ಕ: ಏಪ್ರಿಲ್‌ನ ಗದಗದಲ್ಲಿ ನಿಂತರೂ ಬೆವರುತ್ತದೆ, ಡಿಸೆಂಬರಿನ ಧಾರವಾಡದಲ್ಲಿ ಓಡಿದರೂ ಶಾಲು ಬೇಕು. ತೂಕ ನಿಂತದ್ದಕ್ಕೆ ಸಂಜೆಯ ಮಿರ್ಚಿ-ಗಿರ್ಮಿಟ್ಟನ್ನು ಮೊದಲು ವಿಚಾರಿಸಿ. ಇನ್ನು ಪಕ್ಕದವರು ನಮ್ಮನ್ನು ಹಿಂದೆ ಹಾಕಿ ಹೋಗುವುದು. ಈ ಸೂಚನೆಯನ್ನು ನಂಬಿ ಕೆಟ್ಟವಳು ನಾನು. ನೋಟ್‌ಬುಕ್ಕು ಹಿಡಿಯುವ ಮೊದಲು, ನಡಿಗೆ ಶುರುಮಾಡಿದ ಮೂರನೆಯ ವಾರಕ್ಕೇ, ನನಗಿಂತ ಹದಿನೈದು ವರ್ಷ ಚಿಕ್ಕವರ ಗುಂಪೊಂದು ಓಡುತ್ತಿದ್ದುದನ್ನು ಕಂಡು, ಸೆರಗು ಸಿಕ್ಕಿಸಿ ನಾನೂ ಓಡಿದೆ. ಉಸಿರೇನೋ ತಾಳಿಕೊಂಡಿತು. ಹತ್ತನೆಯ ದಿನ ಮೊಣಕಾಲ ಕೆಳಗೆ ಮುಂಭಾಗದ ಎಲುಬಿನ ಉದ್ದಕ್ಕೂ ನೋವು ಹತ್ತಿ ಆರು ವಾರ ಮನೆಯಲ್ಲಿ ಕೂತೆ. ಹೃದಯ, ರಕ್ತ ವಾರಗಳಲ್ಲಿ ಹೊಂದಿಕೊಳ್ಳುತ್ತವೆ, ಎಲುಬಿಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳು ಬೇಕು. ಉಸಿರು ಹೂಂ ಎಂದಾಗ ಕಾಲನ್ನೂ ಕೇಳಬೇಕೆಂಬುದು ಆಗ ಗೊತ್ತಾಯಿತು. ಸೀರೆಯನ್ನೂ ಆಗಲೇ ಬಿಟ್ಟು ಚೂಡಿದಾರಕ್ಕೆ, ಒಳ್ಳೆಯ ಬೂಟಿಗೆ ಬಂದೆ.

ಹಂತ 5: ಮೊದಲು ದಿನ, ಆಮೇಲೆ ನಿಮಿಷ, ಕೊನೆಗೆ ಬಿರುಸು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ, ಇಲ್ಲವೇ 75ರಿಂದ 150 ನಿಮಿಷ ಜೋರು ವ್ಯಾಯಾಮ, ಅಥವಾ ಎರಡರ ಕೂಡಿಕೆ. ವಾರಕ್ಕೆ 150 ನಿಮಿಷದ ಮಧ್ಯಮ ನಡಿಗೆಯೇ ಇನ್ನೂ ಕೂಡಿಲ್ಲದವರಿಗೆ ಬಿರುಸಿನ ಚಿಂತೆ ಬೇಗ ಆಯಿತು. ಮೂರು ದಿನ ನಡೆಯುವವರು ಐದು ದಿನ ಮಾಡಲಿ. ಐದು ದಿನ 20 ನಿಮಿಷದವರು ಒಂದೆರಡು ವಾರಕ್ಕೆ ಐದೈದು ನಿಮಿಷ ಏರಿಸುತ್ತ 35ಕ್ಕೆ ಬರಲಿ. ಅಲ್ಲಿಂದ ಮುಂದೆ ಬಿರುಸು. ಒಂದು ವಾರದಲ್ಲಿ ಒಂದನ್ನೇ ಬದಲಿಸಿ. ಮೂರನ್ನೂ ಏರಿಸಿ ಮೊಣಕಾಲು ನೊಂದರೆ ಯಾವುದರಿಂದ ನೊಂದಿತೆಂದು ತಿಳಿಯುವುದಿಲ್ಲ.

ಹಂತ 6: ಕಂಬದಿಂದ ಕಂಬಕ್ಕೆ

ಬಿರುಸು ಏರಿಸುವುದೆಂದರೆ 40 ನಿಮಿಷವೂ ಜೋರಾಗಿ ಹೋಗುವುದಲ್ಲ. ವಾರದ ಐದು ದಿನದಲ್ಲಿ ಮೊದಲು ಒಂದು ದಿನ, ಆ ದಿನದಲ್ಲಿ ಕೆಲವು ನಿಮಿಷ. ಸುಲಭವಾದ ದಾರಿ ದೀಪದ ಕಂಬಗಳು. ಒಂದು ಕಂಬದಿಂದ ಮುಂದಿನದಕ್ಕೆ ಬಸ್ ತಪ್ಪುತ್ತಿದೆಯೇನೋ ಎಂಬಂತೆ ನಡೆಯಿರಿ (ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನ ಬಾಗಿಲು ಮುಚ್ಚುವುದನ್ನು ನೆನೆದರೆ ಸಾಕು, ಕಾಲು ತಾನೇ ಚುರುಕಾಗುತ್ತದೆ). ನಂತರದ ಎರಡು ಕಂಬ ಹಗುರ. ಇದನ್ನು ಆರು ಸಲ ಮಾಡಿ.

ಎರಡು ವಾರ ಹೀಗೆ. ಮೂರು-ನಾಲ್ಕನೆಯ ವಾರ ಒಂದು ಕಂಬ ಜೋರು, ಒಂದು ಹಗುರ, ಎಂಟು ಸಲ. ಐದು-ಆರನೆಯ ವಾರ ಎರಡು ಜೋರು, ಎರಡು ಹಗುರ. ಜೋರಿನ ಕಂಬಗಳಲ್ಲಿ ಅನಿಸಿಕೆಯ ಅಂಕ ಏಳು ಮುಟ್ಟಬೇಕು, ಒಂಬತ್ತು ಮುಟ್ಟಬಾರದು. ಮುಂದಿನ ಜೋರು ಕಂಬಕ್ಕೆ ಬರುವಷ್ಟರಲ್ಲಿ ಒಂದು ಪೂರ್ತಿ ವಾಕ್ಯ ಹೇಳಲು ಬರದಿದ್ದರೆ ಇನ್ನೊಂದು ಕಂಬ ಹಗುರಾಗಿ ನಡೆಯಿರಿ. ಯಾವ ನಾಚಿಕೆಯೂ ಇಲ್ಲ. ಏಳನೆಯ ವಾರ ಬಿರುಸು ಬಿಟ್ಟು ಹಳೆಯ ನಡಿಗೆಗೆ ಮರಳಿ, ಅಳತೆ ಸುತ್ತು ಹಾಕಿ, ಪುಸ್ತಕ ನೋಡಿ, ಮುಂದಿನದನ್ನು ಗೊತ್ತುಮಾಡಿ. ಎಷ್ಟೇ ಮುಂದುವರಿದರೂ ವಾರದ ಐದು ದಿನದಲ್ಲಿ ಎರಡಕ್ಕಿಂತ ಹೆಚ್ಚು ಜೋರಿನ ದಿನ ಬೇಡ, ಅವೆರಡೂ ಒತ್ತಿಗೆ ಬರಬಾರದು.

ಕಾಲಿನ ಕೀಲು ದುರ್ಬಲ ಇದ್ದವರಿಗೆ ವೇಗಕ್ಕಿಂತ ಏರು ಮೇಲು. ಹುಬ್ಬಳ್ಳಿಯ ನೃಪತುಂಗ ಬೆಟ್ಟ ಈ ಕೆಲಸಕ್ಕೆಂದೇ ಇದ್ದಂತಿದೆ. ನಿಧಾನಕ್ಕೆ ಹತ್ತಿದರೂ ನಾಡಿ ಏರುತ್ತದೆ, ಪಾದಕ್ಕೆ ಓಟದ ಹೊಡೆತವಿಲ್ಲ. ಎಚ್ಚರ ಬೇಕಾದದ್ದು ಇಳಿಯುವಾಗ. ಮೊಣಕಾಲಿನ ಮೇಲೆ ಭಾರ ಬೀಳುವುದು ಅಲ್ಲೇ, ಚಿಕ್ಕ ಹೆಜ್ಜೆ ಇಡಿ. ತವರಿಗೆ ಹೋದಾಗಲೆಲ್ಲ ನಾನು ಹತ್ತುತ್ತೇನೆ. ಮೊದಲ ಸಲ ನಡುವೆ ನಾಲ್ಕು ಕಡೆ ನಿಂತಿದ್ದೆ, "ಊರ ನೋಡಾಕತ್ತೀನಿ" ಎಂದು ತಮ್ಮನಿಗೆ ಸುಳ್ಳು ಹೇಳಿ.

ಮಳೆಗಾಲದಲ್ಲಿ ಜಿಟಿಜಿಟಿ ಹಿಡಿದಾಗ ಮೆಟ್ಟಿಲೇ ಗತಿ. ಹಗ್ಗದಾಟ ಶುರುಮಾಡುವವರು ಒಂದು ಮಾತು ನೆನಪಿಡಬೇಕು: ಹಗ್ಗದಾಟಕ್ಕೆ ಹಗುರಿನ ಗೇರು ಇಲ್ಲ. ಮೊದಲ ನಿಮಿಷದಿಂದಲೇ ಜೋರು. ಆದ್ದರಿಂದ 20 ಸೆಕೆಂಡು ಆಟ, 40 ಸೆಕೆಂಡು ವಿರಾಮ.

ಇಳಿಸಬೇಕಾದ ದಿನಗಳು

ಬೆಳಗಿನ ವಿಶ್ರಾಂತಿ ನಾಡಿ ನಿಮ್ಮ ಸರಾಸರಿಗಿಂತ ಎಂಟು ಹತ್ತು ಹೆಚ್ಚಿದ್ದರೆ ಆ ದಿನ ಹಗುರ ನಡಿಗೆ ಮಾತ್ರ. ಎರಡು ಮೂರು ದಿನ ಹಾಗೇ ಇದ್ದರೆ ಜ್ವರ ಬರುವುದಿರಬಹುದು, ನಿದ್ದೆ ಸಾಲದಿರಬಹುದು, ನೀವೇ ಅತಿ ಮಾಡಿರಬಹುದು. ಜ್ವರ ಇರುವಾಗ ವ್ಯಾಯಾಮವೇ ಬೇಡ. ಬಿಟ್ಟ ಮೇಲೂ ಮೊದಲ ವಾರ ಅರ್ಧ ವೇಳೆ, ಬಿರುಸಿಲ್ಲ.

ಏಪ್ರಿಲ್-ಮೇ ತಿಂಗಳಲ್ಲಿ ಅದೇ ವೇಗಕ್ಕೆ ನಾಡಿ ಏರಿ ಕಂಡರೆ ಗಾಬರಿ ಬೇಡ. ಮೈ ತಂಪು ಮಾಡಲು ರಕ್ತ ಚರ್ಮದ ಕಡೆಗೂ ಹರಿಯಬೇಕಾಗುತ್ತದೆ, ಹೃದಯಕ್ಕೆ ಎರಡು ಕೆಲಸ. ಬಿಸಿಲಿಗೆ ದೇಹ ಹೊಂದಿಕೊಳ್ಳಲು ಹತ್ತು ಹದಿನಾಲ್ಕು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಬಿರುಸು ಏರಿಸದೆ ನಾಡಿಯ ಮಿತಿಯಲ್ಲೇ ಇರಿ, ಬೇಕಾದರೆ ವೇಗ ಇಳಿಸಿ. ಶ್ರಾವಣದ ಉಪವಾಸ, ರಂಜಾನಿನ ರೋಜಾ ಇರುವಾಗಲೂ ಇದ್ದದ್ದನ್ನು ಉಳಿಸಿಕೊಂಡರೆ ಸಾಕು.

ನಡುವೆ ಎದೆನೋವು, ತಲೆ ತಿರುಗು, ತಣ್ಣನೆ ಬೆವರು, ಎಂದೂ ಇಲ್ಲದ ಏದುಸಿರು ಬಂದರೆ "ಗ್ಯಾಸ್ ಇರ್ಬೇಕು" ಎಂದು ಸುತ್ತು ಮುಗಿಸಲು ಹೋಗಬೇಡಿ. ನಿಲ್ಲಿ, ಕೂಡಿ, ಹತ್ತಿರದವರನ್ನು ಕರೆಯಿರಿ, 108ಕ್ಕೆ ಫೋನು ಮಾಡಿಸಿ.

ಮೈದಾನದ ಆ ಹಿರಿಯರು ವಾರದ ನಂತರ ಚೀಟಿ ಹಿಡಿದು ಬಂದರು. ವಯಸ್ಸು 54, ಐದನೆಯ ಸುತ್ತಿನ ಕೊನೆಗೆ ನಾಡಿ 98. ಲೆಕ್ಕ ಹಾಕಿದರೆ ಗರಿಷ್ಠದ ಶೇ. 59, ಮಧ್ಯಮಕ್ಕೂ ಕೆಳಗೆ. ಎರಡು ವರ್ಷದಿಂದ ಆ ಐದು ಸುತ್ತು ಅವರಿಗೆ ಪುಕ್ಕಟೆ ಆಗುತ್ತ ಬಂದಿತ್ತು. ಏರಿಸಬಹುದೆಂದೆ, ಓಟ ಬೇಡ, ಕಂಬದಿಂದ ಶುರುಮಾಡಿ ಎಂದೆ. ಈಗ ನಾಲ್ಕನೆಯ ವಾರ. ನಿನ್ನೆ ಎದುರಾದಾಗ "ಓಡಾಕತ್ತೀರೇನ್ರಿ?" ಎಂದು ಕೇಳಿದೆ. ಅವರು ನಿಲ್ಲಲಿಲ್ಲ, ಕೈಯಲ್ಲಿ ಮುಂದಿನ ಕಂಬ ತೋರಿಸಿ ಎರಡೇ ಶಬ್ದ ಹೇಳಿದರು: "ತಡೀರಿ... ಆಮ್ಯಾಲೆ."